ಮಾರಾಟಕ್ಕಿಲ್ಲದ ಜಾಗ: ಡಲ್ಲಾಸ್‌ನ ನಾರ್ತ್‌ಪಾರ್ಕ್ ಮತ್ತು ಹಳೆಯ ಮಾಲ್‌ಗಳ ಒಳಾಂಗಣ

ಅಮೆರಿಕದ ಉಪನಗರಗಳಲ್ಲಿ 1950 ಮತ್ತು 60ರ ದಶಕಗಳಲ್ಲಿ ಎದ್ದ ಮಾಲ್‌ಗಳು ಒಳಗಡೆ ಹೇಗಿದ್ದವು ಎಂಬುದನ್ನು ತಿಳಿಯಬೇಕಾದರೆ ಈಗ ಹೆಚ್ಚಿನ ಕಡೆ ಹಳೆಯ ಫೋಟೊಗಳೇ ಗತಿ. ಹಲವು ಕಟ್ಟಡಗಳು ನೆಲಸಮವಾಗಿವೆ. ನಿಂತಿರುವ ಕಟ್ಟಡಗಳ ಒಳಾಂಗಣವೂ ಎರಡು ಮೂರು ಬಾರಿ ನವೀಕರಣಗೊಂಡು ಮೊದಲಿನ ಗುರುತು ಸಿಗದಂತಾಗಿದೆ. ಈ ಮಾತಿಗೆ ನಾನು ಕಂಡಂತೆ ದೊಡ್ಡ ಅಪವಾದವೆಂದರೆ ಟೆಕ್ಸಸ್ ರಾಜ್ಯದ ಡಲ್ಲಾಸ್‌ನಲ್ಲಿ, ನಾರ್ತ್‌ವೆಸ್ಟ್ ಹೈವೇ ಮತ್ತು ಸೆಂಟ್ರಲ್ ಎಕ್ಸ್‌ಪ್ರೆಸ್‌ವೇಗಳು ಸೇರುವಲ್ಲಿ 1965ರಲ್ಲಿ ತೆರೆದ ನಾರ್ತ್‌ಪಾರ್ಕ್ ಸೆಂಟರ್. ಅಲ್ಲಿ ಏನು ಸಿಗುತ್ತದೆ, ಯಾವ ಅಂಗಡಿಯಲ್ಲಿ ಎಷ್ಟು ರಿಯಾಯಿತಿ ಎಂಬ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಕಟ್ಟಡ ವಿನ್ಯಾಸದ ಕಚೇರಿಯಲ್ಲಿ ದುಡಿಯುವ ನನಗೆ ಆ ಮಾಲ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅಂಗಡಿಗಳ ನಡುವಿನ ಜಾಗ, ಅಂದರೆ ಯಾರೂ ಏನನ್ನೂ ಮಾರದೆ ಬಿಟ್ಟಿರುವ ನೆಲ, ನೀರು, ಗಿಡ ಮತ್ತು ಬೆಳಕು. ಈ ವಿಮರ್ಶೆ ಆ ಜಾಗದ್ದು.

ನಾರ್ತ್‌ಪಾರ್ಕಿನ ಬೆಲೆ ತಿಳಿಯಲು ಮೊದಲು ಮಿನ್ನೆಸೋಟದ ಕಡೆಗೆ ಹೋಗಬೇಕು. ಮಿನಿಯಾಪೊಲಿಸ್ ಪಕ್ಕದ ಇಡೈನಾ ಎಂಬ ಉಪನಗರದಲ್ಲಿ 1956ರ ಅಕ್ಟೋಬರ್ 8ರಂದು ಸೌತ್‌ಡೇಲ್ ಸೆಂಟರ್ ಬಾಗಿಲು ತೆರೆಯಿತು. ಪೂರ್ತಿ ಸೂರಿನಡಿ ಇದ್ದು, ವರ್ಷವಿಡೀ ಒಂದೇ ಹವೆಯನ್ನು ಕಾಯ್ದುಕೊಳ್ಳುವ ಉಪನಗರದ ಮಾಲ್ ಅಮೆರಿಕದಲ್ಲಿ ಅದೇ ಮೊದಲು. ಡೇಟನ್ಸ್ ಎಂಬ ಡಿಪಾರ್ಟ್‌ಮೆಂಟ್ ಸ್ಟೋರ್‌ನ ಮಾಲೀಕರು ಸುಮಾರು 2 ಕೋಟಿ ಡಾಲರ್ ಹಾಕಿ ಅದನ್ನು ಕಟ್ಟಿಸಿದರು. 72 ಅಂಗಡಿಗಳ ಜೊತೆಗೆ ತಮ್ಮ ನೇರ ಪ್ರತಿಸ್ಪರ್ಧಿಯಾದ ಡೊನಾಲ್ಡ್‌ಸನ್ಸ್ ಮಳಿಗೆಗೂ ಅದೇ ಸೂರಿನಡಿ ಜಾಗ ಕೊಟ್ಟರು. ವಿನ್ಯಾಸಕಾರ ವಿಕ್ಟರ್ ಗ್ರುಯೆನ್ ವಿಯೆನ್ನಾದಲ್ಲಿ ಹುಟ್ಟಿ ಬೆಳೆದವನು. 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡಾಗ ಊರು ಬಿಟ್ಟು ಅಮೆರಿಕಕ್ಕೆ ಬಂದ ಯಹೂದಿ. ಕಾಫಿ ಮನೆಗಳ ಮುಂದೆ ಕುಳಿತು ಹರಟುವ, ಚೌಕಗಳಲ್ಲಿ ಸುಮ್ಮನೆ ಅಡ್ಡಾಡುವ ಪಟ್ಟಣದಿಂದ ಬಂದವನಿಗೆ ಅಮೆರಿಕದ ಉಪನಗರ ಬರಡಾಗಿ ಕಂಡಿತು. ಅಲ್ಲಿ ಜನ ಮನೆಯಿಂದ ಕಾರಿಗೆ, ಕಾರಿನಿಂದ ಅಂಗಡಿಗೆ, ಅಂಗಡಿಯಿಂದ ಮತ್ತೆ ಕಾರಿಗೆ ಹೋಗುತ್ತಿದ್ದರೇ ಹೊರತು, ನಿಂತು ಒಬ್ಬರನ್ನೊಬ್ಬರು ಮಾತನಾಡಿಸುವ ಒಂದು ಜಾಗವೂ ಇರಲಿಲ್ಲ. ಆ ಜಾಗವನ್ನು ಮಾಲ್‌ನ ಒಳಗೆ ಕಟ್ಟಿಕೊಡಬಹುದು ಎಂದು ಅವನು ನಂಬಿದ್ದ.

ಹೀಗಾಗಿ ಸೌತ್‌ಡೇಲ್‌ನಲ್ಲಿ ಅವನು ಹೆಚ್ಚು ಶ್ರಮ ಹಾಕಿದ್ದು ಅಂಗಡಿಗಳಿಗಿಂತ ನಡುವಣ ಅಂಗಳಕ್ಕೆ. ಅದನ್ನು ನಿತ್ಯ ವಸಂತದ ತೋಟದಂಗಳ ಎಂದೇ ಜಾಹೀರು ಮಾಡಲಾಗಿತ್ತು. ಹೊರಗೆ ಚಳಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದಿದ್ದರೂ ಒಳಗೆ 24 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ಹವೆ ಇರುತ್ತಿತ್ತು. ಮೇಲಿನ ಗಾಜಿನಿಂದ ಹಗಲು ಬೆಳಕು ಇಳಿಯುತ್ತಿತ್ತು. ಮರಗಿಡಗಳಿದ್ದವು, ಮೀನಿನ ಕೊಳವಿತ್ತು, ಬಣ್ಣಬಣ್ಣದ ಹಕ್ಕಿಗಳನ್ನು ಬಿಟ್ಟಿದ್ದ 21 ಅಡಿ ಎತ್ತರದ ಪಂಜರವಿತ್ತು, ಬೀದಿ ಬದಿಯ ಕೆಫೆಯಂತೆ ತೆರೆದ ಜಾಗದಲ್ಲಿ ಹಾಕಿದ ಮೇಜು ಕುರ್ಚಿಗಳಿದ್ದವು. ಹ್ಯಾರಿ ಬರ್ಟೋಯ ಎಂಬ ಶಿಲ್ಪಿ ಲೋಹದಲ್ಲಿ ಮಾಡಿದ ಬಂಗಾರದ ಬಣ್ಣದ ಎರಡು ಮರಗಳು ಎರಡು ಅಂತಸ್ತಿನೆತ್ತರಕ್ಕೆ ನಿಂತಿದ್ದವು. ಮೊದಲ ದಿನ ಬಂದವರ ಸಂಖ್ಯೆ 75,000 ಎಂದು ದಾಖಲಾಗಿದೆ.

ಈ ಅಂಗಳ ಸಾಧ್ಯವಾದದ್ದರ ಹಿಂದೆ ಒಂದು ಲೆಕ್ಕಾಚಾರವೂ ಇತ್ತು ಎಂಬುದನ್ನು ಗಮನಿಸಬೇಕು. ಇಡೀ ಮಾಲ್ ಒಂದೇ ಸೂರಿನಡಿ ಬಂದ ಮೇಲೆ ಪ್ರತಿಯೊಂದು ಅಂಗಡಿಗೂ ಮಳೆ, ಹಿಮ, ಗಾಳಿಯನ್ನು ತಡೆಯುವ ಸ್ವಂತ ಮುಂಗೋಡೆ ಬೇಕಾಗಲಿಲ್ಲ. ಬಾಗಿಲನ್ನು ಹಗಲಿಡೀ ಹಾರುಹೊಡೆದಿಟ್ಟರೂ ಬಿಸಿ ಹವೆ ಸೋರಿಹೋಗುತ್ತಿರಲಿಲ್ಲ. ಆದ್ದರಿಂದ ಅಂಗಡಿಗಳು ಅಂಗಳಕ್ಕೆ ನೇರವಾಗಿ ತೆರೆದುಕೊಂಡವು. ಅಂಗಡಿ ಎಲ್ಲಿ ಮುಗಿಯಿತು, ಅಂಗಳ ಎಲ್ಲಿ ಶುರುವಾಯಿತು ಎಂಬ ಗೆರೆ ತೆಳುವಾಯಿತು. ಇನ್ನೊಂದು ಜಾಣತನವೆಂದರೆ ಅಂಗಡಿಗಳನ್ನು ಎರಡು ಅಂತಸ್ತಿನಲ್ಲಿ ಜೋಡಿಸಿದ್ದು. ಎಲ್ಲವನ್ನೂ ಒಂದೇ ಅಂತಸ್ತಿನಲ್ಲಿ ಹರಡಿದ್ದರೆ ಮಾಲ್ ಉದ್ದುದ್ದ ಓಣಿಯಾಗುತ್ತಿತ್ತು; ಎರಡಾಗಿ ಮಡಿಸಿದ್ದರಿಂದ ನಡಿಗೆ ಕಡಿಮೆಯಾಯಿತು, ಕೆಳಗಿನವರಿಗೆ ಮೇಲಿನವರೂ ಮೇಲಿನವರಿಗೆ ಕೆಳಗಿನವರೂ ಕಾಣುವಂತಾಯಿತು. ಜನ ಜನರನ್ನು ನೋಡುವುದೇ ಆ ಅಂಗಳದ ನಿಜವಾದ ಆಕರ್ಷಣೆಯಾಗಿತ್ತು ಎಂದು ಆ ಕಾಲದ ಫೋಟೊಗಳನ್ನು ನೋಡಿದ ಯಾರಿಗಾದರೂ ಅನ್ನಿಸದೆ ಇರದು.

ಎಲ್ಲರೂ ಮೆಚ್ಚಿದರು ಎಂದಲ್ಲ. ಆಗ 90ರ ಹತ್ತಿರವಿದ್ದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಸೌತ್‌ಡೇಲ್‌ಗೆ ಬಂದು, ಈ ಅಂಗಳದಲ್ಲಿ ಹಳ್ಳಿಯ ಬೀದಿಯ ಕೆಡುಕೆಲ್ಲ ಇದೆ, ಅದರ ಸೊಬಗು ಮಾತ್ರ ಇಲ್ಲ ಎಂದು ಖಂಡಿಸಿ ಹೋದ. ಆ ಮಾತಿನಲ್ಲಿ ಸತ್ಯವಿಲ್ಲವೆನ್ನಲಾರೆ. ಮಳೆಯೂ ಇಲ್ಲದ, ಬಿಸಿಲೂ ಇಲ್ಲದ, ಅಂಗಡಿ ಮುಚ್ಚಿದ ಮೇಲೆ ಬೀಗ ಬೀಳುವ ಅಂಗಳ ಊರಿನ ಚೌಕಕ್ಕೆ ಸಾಟಿಯಾಗದು. ಆದರೂ ಆ ಟೀಕೆಯನ್ನು ಕೇಳಬೇಕಾಗಿ ಬಂದ ಅಂಗಳದಲ್ಲಿ ಕೊಳವಿತ್ತು, ಹಕ್ಕಿಗಳಿದ್ದವು, ಕೂರಲು ಕುರ್ಚಿಗಳಿದ್ದವು. ಅದರ ನಂತರ ದೇಶದ ತುಂಬ ಎದ್ದ ನೂರಾರು ಮಾಲ್‌ಗಳಲ್ಲಿ ಅಷ್ಟೂ ಇರಲಿಲ್ಲ.

ಹೀಗಾಗಲು ಹಣದ ಕಾರಣವಿದೆ. 1954ರಲ್ಲಿ ಅಮೆರಿಕದ ತೆರಿಗೆ ಕಾನೂನಿಗೆ ಬಂದ ಬದಲಾವಣೆಯಿಂದ ಹೊಸ ಕಟ್ಟಡದ ಸವಕಳಿ ವೆಚ್ಚವನ್ನು ಮೊದಲ ವರ್ಷಗಳಲ್ಲೇ ಹೆಚ್ಚಾಗಿ ತೋರಿಸಿ ತೆರಿಗೆ ಉಳಿಸಿಕೊಳ್ಳುವ ಅವಕಾಶ ಸಿಕ್ಕಿತು. ಮಾಲ್ ಕಟ್ಟುವುದು ಹೂಡಿಕೆದಾರರಿಗೆ ಲಾಭದ ವ್ಯವಹಾರವಾಯಿತು, ಕಟ್ಟಿದ್ದನ್ನು ಬಹುಕಾಲ ಇಟ್ಟುಕೊಂಡು ನೋಡಿಕೊಳ್ಳುವ ಆಸೆ ಹಲವರಿಗೆ ಇರಲಿಲ್ಲ. ಇಂಥವರು ಗ್ರುಯೆನ್‌ನ ನಕ್ಷೆಯಿಂದ ಎರಡು ತುದಿಯ ದೊಡ್ಡ ಮಳಿಗೆ, ನಡುವಿನ ಓಣಿ, ಸುತ್ತಲಿನ ಪಾರ್ಕಿಂಗ್ ಇಷ್ಟನ್ನು ತೆಗೆದುಕೊಂಡರು. ಸೌತ್‌ಡೇಲ್‌ನ ಸುತ್ತ 463 ಎಕರೆಯಲ್ಲಿ ಮನೆ, ಶಾಲೆ, ಆಸ್ಪತ್ರೆ, ಉದ್ಯಾನ, ಕೆರೆ ಎಲ್ಲ ಸೇರಿದ ಒಂದು ಊರನ್ನೇ ಅವನು ಯೋಜಿಸಿದ್ದ. ಅದೂ ಅವನೆಣಿಸಿದ ರೀತಿಯಲ್ಲಿ ಆಗಲಿಲ್ಲ. ಕೊನೆಗಾಲದಲ್ಲಿ ವಿಯೆನ್ನಾಗೆ ಹಿಂತಿರುಗಿದ ಅವನು 1978ರಲ್ಲಿ, ತನ್ನ ಹೆಸರು ಹೇಳಿಕೊಂಡು ಹುಟ್ಟಿದ ಈ ಮಾಲ್‌ಗಳಿಗೆ ತಾನು ಹೊಣೆಯಲ್ಲ ಎಂದು ಕಟುವಾಗಿ ಕೈತೊಳೆದುಕೊಂಡ. 1980ರಲ್ಲಿ ತೀರಿಕೊಂಡ.

ಅವನಿಗಿಂತ ಚಿಕ್ಕವರಾದ ಎಲ್ಲ ಮಾಲ್ ನಿರ್ಮಾಪಕರೂ ಅಗ್ಗದ ಕೆಲಸ ಮಾಡಿದರು ಎಂದೇನೂ ಅಲ್ಲ. ಎ. ಆಲ್‌ಫ್ರೆಡ್ ಟಾಬ್‌ಮನ್ ಎಂಬಾತ ನೆಲದ ವಿಷಯದಲ್ಲಿ ಹಟವಾದಿಯಾಗಿದ್ದ. ಬಂದವರ ಮೈ ಮಾಲ್‌ಗೆ ತಾಗುವುದು ಪಾದದ ಮೂಲಕ ಮಾತ್ರ, ಆದ್ದರಿಂದ ನೆಲ ಮೊಸಾಯಿಕ್‌ನದೇ ಆಗಬೇಕು ಎಂಬುದು ಅವನ ವಾದ. ಅವನು ಷಿಕಾಗೊ ಹತ್ತಿರದ ಷಾಂಬರ್ಗ್‌ನಲ್ಲಿ 1971ರಲ್ಲಿ ತೆರೆದ ವುಡ್‌ಫೀಲ್ಡ್ ಆ ದಶಕದ ಒಳಾಂಗಣಕ್ಕೆ ಮಾದರಿಯಾಯಿತು. 70ರ ದಶಕದ ಮಾಲ್‌ಗಳಲ್ಲಿ ಬೆಳೆದವರು ನೆನಪಿಸಿಕೊಳ್ಳುವುದು ಈ ಕಾಲವನ್ನೇ: ಕಂದು ಬಣ್ಣದ ಟೈಲ್ಸ್, ಮಂದ ಬೆಳಕು, ನೆಲದಿಂದ ಮೂರು ನಾಲ್ಕು ಮೆಟ್ಟಿಲು ಕೆಳಗಿಳಿದು ಸುತ್ತ ಕೂರುವಂತೆ ಮಾಡಿದ ತಗ್ಗಿನ ಆಸನಗಳು, ನಾಣ್ಯ ಹಾಕುವ ಕಾರಂಜಿ. ಆಮೇಲೆ 80 ಮತ್ತು 90ರ ದಶಕಗಳ ನವೀಕರಣದಲ್ಲಿ ತಗ್ಗಿನ ಆಸನಗಳನ್ನು ತುಂಬಿಸಿ ಮಟ್ಟ ಮಾಡಿದರು, ಕಾರಂಜಿಗಳನ್ನು ಕಿತ್ತರು, ಕಂದು ಹೋಗಿ ಎಲ್ಲವೂ ಬಿಳಿ ಮತ್ತು ತಿಳಿಗೆಂಪಾಯಿತು. ನೀರಿನ ಪಂಪು, ಫಿಲ್ಟರ್, ಜಾರಿ ಬಿದ್ದವರ ವಿಮೆ ಇವೆಲ್ಲ ಖರ್ಚು. ಅದೇ ಜಾಗದಲ್ಲಿ ಮೊಬೈಲ್ ಕವರ್, ಕೂಲಿಂಗ್ ಗ್ಲಾಸ್ ಮಾರುವ ಗೂಡಂಗಡಿ ಇಟ್ಟರೆ ಬಾಡಿಗೆ. ಲೆಕ್ಕ ಬರೆಯುವವರ ಕಣ್ಣಿಗೆ ಅಂಗಳವೆಂಬುದು ದುಡಿಯದೆ ಬಿದ್ದಿರುವ ಚದರಡಿಯಾಯಿತು.

ಸೌತ್‌ಡೇಲ್ ಇಂದಿಗೂ ಇದೆ. ಬರ್ಟೋಯನ ಮರಗಳೂ ಇವೆ. ಹಕ್ಕಿಗಳ ಪಂಜರ, ಮೀನಿನ ಕೊಳ ಇಲ್ಲ. ಗ್ರುಯೆನ್ ಅದಕ್ಕೂ ಮೊದಲು, 1954ರಲ್ಲಿ, ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡ್‌ನಲ್ಲಿ ಮಾಡಿದ ನಾರ್ತ್‌ಲ್ಯಾಂಡ್ 2015ರಲ್ಲಿ ಮುಚ್ಚಿತು. ಮಕ್ಕಳು ಹತ್ತಿ ಆಡುತ್ತಿದ್ದ, ಮಾರ್ಷಲ್ ಫ್ರೆಡರಿಕ್ಸ್ ಮಾಡಿದ ಹುಡುಗ ಮತ್ತು ಕರಡಿಯ ಶಿಲ್ಪ ಆ ಊರಿನ ಸಾರ್ವಜನಿಕ ಗ್ರಂಥಾಲಯ ಸೇರಿತು. ಶಿಲ್ಪ ಉಳಿದದ್ದು ಸಂತೋಷವೇ, ಆದರೆ ಅದು ನಿಂತಿದ್ದ ಅಂಗಳದೊಂದಿಗೆ ಅದಕ್ಕಿದ್ದ ನಂಟು ಕಡಿದುಹೋಯಿತು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಾರ್ತ್‌ಪಾರ್ಕಿನ ಒಳಗೆ ಕಾಲಿಟ್ಟರೆ ಅಲ್ಲಿರುವುದರ ಮಹತ್ವ ತಿಳಿಯುತ್ತದೆ. ಹತ್ತಿ ಬೆಳೆಯುತ್ತಿದ್ದ 97 ಎಕರೆ ಹೊಲದಲ್ಲಿ ಇದನ್ನು ಕಟ್ಟಿಸಿದವರು ರೇಮಂಡ್ ನ್ಯಾಷರ್. ವಿನ್ಯಾಸ ಹ್ಯಾರೆಲ್ ಮತ್ತು ಹ್ಯಾಮಿಲ್ಟನ್ ಸಂಸ್ಥೆಯದು. ನೀಮನ್ ಮಾರ್ಕಸ್, ಟಿಚೆ-ಗೊಟಿಂಗರ್, ಜೆಸಿಪೆನ್ನಿ ಎಂಬ ಮೂರು ದೊಡ್ಡ ಮಳಿಗೆಗಳು ಮೊದಲಿಗಿದ್ದವು. ಅವುಗಳಲ್ಲಿ ನೀಮನ್ ಮಾರ್ಕಸ್ ಇವತ್ತಿಗೂ ಅಲ್ಲೇ ಇದೆ. ಬಾಗಿಲು ದಾಟಿದ ಕೂಡಲೇ ಕಣ್ಣಿಗೆ ಬೀಳುವುದು ಬಿಳಿ ಇಟ್ಟಿಗೆ. ಹೊರಗೋಡೆಗೆ ಬಳಸಿದ ಅದೇ ಇಟ್ಟಿಗೆ, ಗಾರೆ ಮೆತ್ತದೆ, ಬಣ್ಣ ಬಳಿಯದೆ, ಒಳಗಿನ ಗೋಡೆಗೂ ಮುಂದುವರಿದಿದೆ. ಅಂಗಡಿ ಅಂಗಡಿಯ ನಡುವೆ ಆ ಇಟ್ಟಿಗೆಯ ಪಟ್ಟಿ ಬರುವುದರಿಂದ ಪ್ರತಿ ಅಂಗಡಿಯೂ ಗೋಡೆಯಲ್ಲಿ ಕೂರಿಸಿದ ಕಿಟಕಿಯಂತೆ ಕಾಣುತ್ತದೆಯೇ ವಿನಾ ಪಕ್ಕದ ಅಂಗಡಿಯೊಡನೆ ಕೂಗಾಟಕ್ಕೆ ಇಳಿಯುವುದಿಲ್ಲ. ಫಲಕಗಳ ಗಾತ್ರ, ಅಕ್ಷರ, ಬೆಳಕು ಹೀಗೆಯೇ ಇರಬೇಕೆಂದು ನ್ಯಾಷರ್ ಬಾಡಿಗೆದಾರರಿಗೆ ಕಟ್ಟುನಿಟ್ಟು ಮಾಡಿದ್ದರು. ಮಾಲ್‌ನಲ್ಲಿ ಅಡ್ಡಾಡಿ ಬಂದ ಮೇಲೆ ಕಣ್ಣು ದಣಿಯದೆ ಇರುವುದಕ್ಕೆ ಈ ಕಟ್ಟುನಿಟ್ಟೇ ಕಾರಣವೆಂದು ನನ್ನ ವೃತ್ತಿಯ ಅನುಭವದಿಂದ ಹೇಳಬಲ್ಲೆ.

ನೆಲ ಪಾಲಿಷ್ ಮಾಡಿದ ಕಾಂಕ್ರೀಟಿನದು. ಗ್ರಾನೈಟ್ ಅಥವಾ ಮಾರ್ಬಲ್ ಹಾಸಿದರೆ ಮಾತ್ರ ಅದ್ದೂರಿ ಎಂದು ನಂಬಿರುವವರಿಗೆ ಇದು ಅಚ್ಚರಿ ತರಬಹುದು. ಬಗ್ಗಿ ನೋಡಿದರೆ ಸಿಮೆಂಟಿನ ಬೂದಿಯಲ್ಲಿ ಸಣ್ಣ ಸಣ್ಣ ಕಲ್ಲಿನ ಚೂರುಗಳು ಕಾಣುತ್ತವೆ. ಅರ್ಧ ಶತಮಾನ ಮೀರಿ ಜನ ಓಡಾಡಿ, ದಿನವೂ ಉಜ್ಜಿ ಹೊಳಪು ಕೊಟ್ಟು, ಆ ಮೈಗೆ ಹೊಸ ನೆಲಕ್ಕೆ ಬಾರದ ಒಂದು ಆಳ ಬಂದಿದೆ. ಅಗ್ಗದ ವಸ್ತುವನ್ನು ಚೆನ್ನಾಗಿ ಮಾಡಿ, ಆಮೇಲೆ ಅದನ್ನು ಚೆನ್ನಾಗಿ ನೋಡಿಕೊಂಡರೆ ಸಾಕು ಎಂಬ ವಿಶ್ವಾಸವಿದ್ದ ಕಾಲದ ಕೆಲಸವಿದು. ಬೆಳಕಿನ ವಿಷಯದಲ್ಲೂ ಇದೇ ಸಂಯಮ. ನಡಿಗೆಯ ದಾರಿಗಳ ಸೂರು ತಗ್ಗಿನಲ್ಲಿದ್ದು ಬೆಳಕು ಹದವಾಗಿದೆ. ಅಂಗಳಗಳಿಗೆ ಬಂದಾಗ ಸೂರು ಒಮ್ಮೆಲೇ ಮೇಲೇರಿ, ಎತ್ತರದ ಕಿಟಕಿಗಳಿಂದ ಹಗಲು ಇಳಿಯುತ್ತದೆ. ಎಲ್ಲಿ ನಡೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಯಾವ ಫಲಕವೂ ಇಲ್ಲದೆ ಕಟ್ಟಡವೇ ತಿಳಿಸುತ್ತದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಗಿಡದ ಕಟ್ಟೆಗಳು. ನೀಮನ್ ಮಾರ್ಕಸ್ ಮುಂದಿನ ಅಂಗಳದಲ್ಲಿ ಗಿಡಗಳನ್ನಿಟ್ಟಿರುವ ದೊಡ್ಡ ತೊಟ್ಟಿಗಳ ಪಕ್ಕಗಳು ನೆಟ್ಟಗಿಲ್ಲ, ಟೈಲ್ಸ್ ಹೊದಿಸಿದ ಇಳಿಜಾರಾಗಿವೆ. ವಿನ್ಯಾಸಕಾರರು ಅದನ್ನು ಜಾರುಬಂಡಿಯೆಂದು ಮಾಡಿದರೋ ಇಲ್ಲವೋ, ಡಲ್ಲಾಸ್‌ನ ಮಕ್ಕಳು ತಲೆಮಾರುಗಳಿಂದ ಅದರ ಮೇಲೆ ಜಾರುತ್ತಾ ಬಂದಿದ್ದಾರೆ. ನಾನು ನಿಂತು ನೋಡುತ್ತಿದ್ದಾಗ ಒಂದು ಮಗು ಮಂಡಿಯೂರಿ ಹತ್ತುವುದು, ತುದಿಯಲ್ಲಿ ಗಿಡದ ಎಲೆಯನ್ನು ಹಿಡಿದು ತಿರುಗುವುದು, ಕೂತು ಜಾರುವುದು, ಮತ್ತೆ ಹತ್ತುವುದು ಹೀಗೆ ನಡೆದೇ ಇತ್ತು. ಅದರ ಅಜ್ಜಿ ಪಕ್ಕದಲ್ಲಿ ನಿಂತು ಬೇರೊಬ್ಬರೊಡನೆ, ತಾನೂ ಚಿಕ್ಕವಳಾಗಿದ್ದಾಗ ಇಲ್ಲೇ ಜಾರಿದವಳು ಎಂದು ಹೇಳುತ್ತಿದ್ದರು. ಇಳಿಜಾರಿನ ಟೈಲ್ಸ್ ಮಕ್ಕಳ ಬಟ್ಟೆಗೆ ಉಜ್ಜಿ ಉಜ್ಜಿ ನಯವಾಗಿದೆ. ಜಾರಬಾರದು ಎಂಬ ಬೋರ್ಡಾಗಲಿ, ಸುತ್ತ ಕಂಬಿಯಾಗಲಿ ನನಗೆ ಕಾಣಲಿಲ್ಲ. ಅನೇಕ ಮಾಲ್‌ಗಳಲ್ಲಿ ವಿಮೆಯ ಭಯಕ್ಕೆ ಮೊದಲು ಬಲಿಯಾದದ್ದು ಇಂಥ ಮೂಲೆಗಳೇ ಎಂಬುದನ್ನು ನೆನೆದರೆ, ಇದನ್ನು ಉಳಿಸಿಕೊಂಡವರ ಬಗ್ಗೆ ಗೌರವ ಮೂಡುತ್ತದೆ.

ಕಾರಂಜಿಗಳೂ ಉಳಿದಿವೆ. ಒಳಗಿನ ಕೊಳದಲ್ಲಿ ಬಾತುಕೋಳಿ ಮತ್ತು ಆಮೆಗಳಿವೆ. ಕೊಳದ ಅಂಚು ಕೂರುವ ಎತ್ತರದಲ್ಲಿದೆ, ಕೂರುವಷ್ಟು ಅಗಲವೂ ಇದೆ. ಇದು ಸಣ್ಣ ಸಂಗತಿಯಂತೆ ಕಂಡರೂ ಹಳೆಯ ಒಳಾಂಗಣದ ಜೀವಾಳ ಇದರಲ್ಲೇ ಇದೆ: ಕೂರಲು ಬೇರೆ ಬೆಂಚು ಹಾಕುವ ಬದಲು ಗಿಡದ ಕಟ್ಟೆ, ಕೊಳದ ಅಂಚು, ಮೆಟ್ಟಿಲು ಎಲ್ಲವನ್ನೂ ಕೂರುವಂತೆಯೇ ಮಾಡುವುದು. ನಮ್ಮ ಊರುಗಳ ಅರಳಿಕಟ್ಟೆಗೂ ಇದೇ ಗುಣವಿದೆ. ಮರಕ್ಕೆಂದು ಕಟ್ಟಿದ್ದು ಜನಕ್ಕೂ ಆಗುತ್ತದೆ. ಬೆಂಗಳೂರಿನಿಂದ ಬಂದಿದ್ದ ನನ್ನ ತಂದೆಯವರು ಮಂಡಿ ನೋವಿನವರು, ಮಾಲ್ ಎಂದರೆ ದೂರ ಸರಿಯುವವರು. ಅವರು ಆ ಕೊಳದ ಅಂಚಿನ ಮೇಲೆ ಕೂತು ಸ್ವಲ್ಪ ಹೊತ್ತಾದ ಮೇಲೆ, ‘ಇಲ್ಲಿ ಹೀಗೆ ಸುಮ್ನೆ ಕೂತಿದ್ರೆ ಯಾರೂ ಏನೂ ಅನ್ನಲ್ವೇನಮ್ಮ?’ ಎಂದು ಕೇಳಿದರು. ಯಾರೂ ಏನೂ ಅನ್ನಲಿಲ್ಲ. ನಾನು ಅಂಗಡಿಗಳನ್ನು ಸುತ್ತಿ ಬರುವವರೆಗೂ ಅವರು ಆಮೆಗಳನ್ನು ನೋಡುತ್ತ ಅಲ್ಲೇ ಇದ್ದರು.

ಅವರ ಪ್ರಶ್ನೆಯ ಹಿಂದೆ ಬೆಂಗಳೂರಿನ ಅನುಭವವಿದೆ. ಕೋರಮಂಗಲದಲ್ಲಿ ಫೋರಂ ತೆರೆದದ್ದು 2004ರಲ್ಲಿ, ಮಲ್ಲೇಶ್ವರದ ಮಂತ್ರಿ ಸ್ಕ್ವೇರ್ 2010ರಲ್ಲಿ. ಮಾಲ್ ಎಂಬುದು ನಮ್ಮಲ್ಲಿಗೆ ಬರುವ ಹೊತ್ತಿಗೆ ಅಮೆರಿಕದಲ್ಲಿ ಕಾರಂಜಿ ಕಿತ್ತು ಗೂಡಂಗಡಿ ಇಡುವ ಕಾಲ ಬಂದಾಗಿತ್ತು. ಹೀಗಾಗಿ ನಮಗೆ ಮಾದರಿಯಾಗಿ ಸಿಕ್ಕಿದ್ದು ಆ ನಂತರದ ರೂಪವೇ. ನಡುವಣ ಅಂಗಳವೆಂದರೆ ಹೊಸ ಕಾರನ್ನು ಪ್ರದರ್ಶನಕ್ಕಿಡುವ, ಹಬ್ಬಕ್ಕೆ ವೇದಿಕೆ ಹಾಕುವ ಜಾಗ ಎಂದೇ ನಾವು ತಿಳಿದುಕೊಂಡೆವು. ಮಾಲ್ ಸಂಸ್ಕೃತಿಯನ್ನು ಬೈಯುವವರೂ ಹೊಗಳುವವರೂ ನಮ್ಮಲ್ಲಿ ಬಹಳ ಮಂದಿ. ಆದರೆ ಅದರ ಮೂಲ ನಕ್ಷೆಯಲ್ಲಿ ಕೊಳ್ಳದವನಿಗೂ ಒಂದು ಜಾಗವಿತ್ತು ಎಂಬುದು ಎರಡೂ ಕಡೆಯವರಿಗೆ ತಿಳಿದಂತಿಲ್ಲ.

ನಾರ್ತ್‌ಪಾರ್ಕಿನ ಮತ್ತೊಂದು ಹೆಗ್ಗಳಿಕೆ ಕಲಾಕೃತಿಗಳದು. ರೇಮಂಡ್ ಮತ್ತು ಪ್ಯಾಟ್ಸಿ ನ್ಯಾಷರ್ ದಂಪತಿ ಆಧುನಿಕ ಶಿಲ್ಪದ ದೊಡ್ಡ ಸಂಗ್ರಾಹಕರಾಗಿದ್ದರು; ಅವರ ಸಂಗ್ರಹಕ್ಕೆಂದೇ 2003ರಲ್ಲಿ ಡಲ್ಲಾಸ್ ನಗರದ ಮಧ್ಯದಲ್ಲಿ ನ್ಯಾಷರ್ ಶಿಲ್ಪಕೇಂದ್ರ ತೆರೆಯಿತು. ಆದರೆ ಮಾಲ್‌ನಲ್ಲಿ ಶಿಲ್ಪ ಇಡುವ ಪದ್ಧತಿ ಅದಕ್ಕಿಂತ ಎಷ್ಟೋ ಹಿಂದಿನದು. ಜೊನಾಥನ್ ಬೊರೊಫ್‌ಸ್ಕಿಯ ಸುತ್ತಿಗೆ ಹೊಡೆಯುವ ಐದು ಮನುಷ್ಯಾಕೃತಿಗಳು ಇಲ್ಲಿವೆ. ಮೋಟಾರಿನಿಂದ ಅವುಗಳ ಕೈ ನಿಧಾನವಾಗಿ ಏಳುತ್ತದೆ, ಇಳಿಯುತ್ತದೆ. ಕೈಚೀಲ ಹಿಡಿದು ಓಡಾಡುವವರ ನಡುವೆ ದುಡಿಮೆಯ ಆ ಚಿತ್ರ ನಿಂತು ನೋಡುವಂತೆ ಮಾಡುತ್ತದೆ. ಉತ್ತರದ ಅಂಗಳದಲ್ಲಿ ಮಾರ್ಕ್ ಡಿ ಸುವೆರೊನ 48 ಅಡಿ ಎತ್ತರದ ಕೆಂಪು ಉಕ್ಕಿನ ಶಿಲ್ಪ ಎರಡು ಅಂತಸ್ತನ್ನೂ ತುಂಬಿಕೊಂಡಿದೆ. ಇವಕ್ಕೆ ಹಗ್ಗದ ಬೇಲಿಯಿಲ್ಲ, ಟಿಕೆಟ್ಟಿಲ್ಲ. ಕಲಾ ಗ್ಯಾಲರಿಯ ಮೆಟ್ಟಿಲು ಹತ್ತಲು ಹಿಂಜರಿಯುವವರೂ ಕಾಲುಚೀಲ ಕೊಳ್ಳಲು ಬಂದು ಇವನ್ನು ನೋಡಿ ಹೋಗುತ್ತಾರೆ.

2006ರಲ್ಲಿ ಮುಗಿದ ವಿಸ್ತರಣೆಯಿಂದ ಮಾಲ್‌ನ ಗಾತ್ರ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಇಂಥ ವಿಸ್ತರಣೆಗಳೇ ಹಳೆಯ ಒಳಾಂಗಣಗಳಿಗೆ ಮುಳುವಾಗಿರುವುದರಿಂದ ಇದನ್ನು ತುಸು ಬಿಗಿಯಾಗಿಯೇ ನೋಡಬೇಕು. ಇಲ್ಲಿ ಹಳೆಯದನ್ನು ಹೊಸದಕ್ಕೆ ಹೊಂದಿಸುವ ಬದಲು ಹೊಸದನ್ನು ಹಳೆಯದಕ್ಕೆ ಹೊಂದಿಸಿದರು. ಮೊದಲ ವಿನ್ಯಾಸ ಸಂಸ್ಥೆಯ ಮುಂದುವರಿಕೆಯಾದ ಆಮ್ನಿಪ್ಲಾನ್‌ಗೇ ಕೆಲಸ ವಹಿಸಿ, ಅದೇ ಬಿಳಿ ಇಟ್ಟಿಗೆ, ಅದೇ ಬಗೆಯ ಕಾಂಕ್ರೀಟ್ ನೆಲವನ್ನು ಮುಂದುವರಿಸಿ, ಕಟ್ಟಡವನ್ನು ಚೌಕವಾಗಿ ಮುಚ್ಚಿ, ನಡುವೆ 1.4 ಎಕರೆಯ ತೆರೆದ ತೋಟ ಬಿಟ್ಟಿದ್ದಾರೆ. ಹುಲ್ಲು, ಮರ, ನೆರಳು, ಮೇಲೆ ನಿಜವಾದ ಆಕಾಶ. ರೈಟ್ ಎತ್ತಿದ್ದ ಆಕ್ಷೇಪಕ್ಕೆ ಇಲ್ಲಿ ಸ್ವಲ್ಪವಾದರೂ ಉತ್ತರ ಸಿಕ್ಕಿದೆ. 2008ರಲ್ಲಿ ಡಲ್ಲಾಸ್ ಸಾರ್ವಜನಿಕ ಗ್ರಂಥಾಲಯದವರು ಮಕ್ಕಳಿಗಾಗಿ ಒಂದು ಶಾಖೆಯನ್ನೂ ಮಾಲ್ ಒಳಗೇ ತೆರೆದರು.

ಹಾಗೆಂದು ಹೊಸ ಭಾಗವನ್ನು ಹಳೆಯದಕ್ಕೆ ಸಮ ಎನ್ನಲಾರೆ. ಅಲ್ಲಿನ ಎರಡು ಅಂತಸ್ತಿನ ನಡಿಗೆದಾರಿಗಳು ಅಗಲವಾಗಿವೆ, ಬೆಳಕು ಹೆಚ್ಚು, ಆದರೆ ಕೂರುವ ಕಟ್ಟೆಗಳ ನಡುವಿನ ಅಂತರವೂ ಹೆಚ್ಚು. 1965ರ ಭಾಗದಲ್ಲಿ ಪ್ರತಿ ತಿರುವಿನಲ್ಲಿ ಒಂದು ಅಂಗಳ ಎದುರಾಗುತ್ತದೆ. ಹೊಸ ಭಾಗದಲ್ಲಿ ದೂರದವರೆಗೆ ಅಂಗಡಿಗಳ ಸಾಲೇ ಕಾಣುತ್ತದೆ. ಊಟದ ಜಾಗ ಮತ್ತು ಸಿನಿಮಾ ಮಂದಿರಗಳಿರುವ ಮೇಲಿನ ಅಂತಸ್ತಿನ ಮೂಲೆಗೆ ಹೋದರೆ ಗದ್ದಲ ಇನ್ನಾವುದೇ ಮಾಲ್‌ನಷ್ಟೇ ಇದೆ. ಇನ್ನೊಂದು ಕೊರತೆಯನ್ನು ಮುಚ್ಚಿಡಬಾರದು: ಮೊದಲಿದ್ದ ಜೆಸಿಪೆನ್ನಿಯಂಥ ಸಾಮಾನ್ಯರ ಮಳಿಗೆ ಹೋಗಿ ಈಗ ಐಷಾರಾಮಿ ಬ್ರ್ಯಾಂಡ್‌ಗಳೇ ಮೇಲುಗೈ ಪಡೆದಿವೆ. ಅಂಗಳ ಎಲ್ಲರಿಗೂ ತೆರೆದಿದೆ ನಿಜ, ಆದರೆ ಸುತ್ತಲಿನ ಬೆಲೆಗಳು ಎಲ್ಲರಿಗೂ ಎಟುಕುವಂಥವಲ್ಲ. ಹಳೆಯ ಒಳಾಂಗಣವನ್ನು ಉಳಿಸಿಕೊಳ್ಳುವ ಖರ್ಚನ್ನು ಈ ಅಂಗಡಿಗಳ ಬಾಡಿಗೆಯೇ ಹೊರುತ್ತಿದೆ ಎಂದು ತೋರುತ್ತದೆ.

ಉಳಿಸಿಕೊಳ್ಳಲು ಇವರಿಗೆ ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಗೆ ನನಗೆ ಕಾಣುವ ಉತ್ತರ ಒಡೆತನ. ಅಮೆರಿಕದ ಮಾಲ್‌ಗಳಲ್ಲಿ ಬಹುಪಾಲು ಕೈಯಿಂದ ಕೈಗೆ ಮಾರಾಟವಾಗಿ, ನೂರಾರು ಆಸ್ತಿಗಳನ್ನಿಟ್ಟುಕೊಂಡ ಕಂಪನಿಗಳ ಪಾಲಾಗಿವೆ; ಪ್ರತಿ ಹೊಸ ಮಾಲೀಕ ತನ್ನ ಗುರುತು ತೋರಿಸಲು ನೆಲ ಕಿತ್ತು ಹೊಸ ನೆಲ ಹಾಕಿಸುತ್ತಾನೆ. ನಾರ್ತ್‌ಪಾರ್ಕ್ ಮಾತ್ರ ಕುಟುಂಬದಲ್ಲೇ ಉಳಿಯಿತು. ರೇಮಂಡ್ ನ್ಯಾಷರ್ 2007ರಲ್ಲಿ ತೀರಿಕೊಂಡರು. ಅದಕ್ಕೂ ಮೊದಲೇ, 90ರ ದಶಕದಲ್ಲೇ, ಮಗಳು ನ್ಯಾನ್ಸಿ ನ್ಯಾಷರ್ ಮತ್ತು ಅಳಿಯ ಡೇವಿಡ್ ಹೆಮಿಸೆಗರ್ ಅದರ ಹೊಣೆ ಹೊತ್ತಿದ್ದರು. ತಂದೆ ಆರಿಸಿದ ಇಟ್ಟಿಗೆಯನ್ನು ಮಗಳು ಬದಲಿಸಲಿಲ್ಲ. ಇದೇ ಡಲ್ಲಾಸ್‌ನಲ್ಲಿ ನಾರ್ತ್‌ಪಾರ್ಕಿನ ನಂತರ ಬಂದ ಪ್ರೆಸ್ಟನ್‌ವುಡ್, ವ್ಯಾಲಿ ವ್ಯೂ ಎಂಬ ಎರಡು ಮಾಲ್‌ಗಳು ಈಗ ನೆಲಸಮವಾಗಿವೆ. ಅಲ್ಲಿಗೂ ಜನ ಮುಗಿಬಿದ್ದಿದ್ದ ಕಾಲವಿತ್ತು.

ನೋಡಲು ಹೋಗುವವರಿಗೆ ಕೆಲವು ಮಾತು. ಡಲ್ಲಾಸ್ ಸುತ್ತಮುತ್ತಲ ಪ್ಲೇನೊ, ಫ್ರಿಸ್ಕೊ, ಅರ್ವಿಂಗ್‌ಗಳಲ್ಲಿ ನೆಲೆಸಿರುವ ಕನ್ನಡಿಗರು ಊರಿನಿಂದ ಬಂದ ತಂದೆ ತಾಯಿಯರನ್ನು ಬೇಸಿಗೆಯಲ್ಲಿ ಎಲ್ಲಿಗೆ ಕರೆದುಕೊಂಡು ಹೋಗುವುದೆಂದು ಯೋಚಿಸುತ್ತಿದ್ದರೆ, ಬಿಸಿಲು 38 ಡಿಗ್ರಿ ದಾಟುವ ಜುಲೈ, ಆಗಸ್ಟ್ ತಿಂಗಳಲ್ಲಿ ತಂಪಾಗಿ ನಡೆದಾಡಲು, ನಡೆದು ದಣಿದರೆ ಕೂರಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಶನಿವಾರ, ಭಾನುವಾರ ಬೇಡ. ವಾರದ ನಡುವಿನ ದಿನ ಬೆಳಗ್ಗೆ ಹೋದರೆ ನೆಲದ ಹೊಳಪು, ಇಟ್ಟಿಗೆಯ ಮೇಲೆ ಬಿದ್ದ ಬೆಳಕು ಚೆನ್ನಾಗಿ ಕಾಣುತ್ತದೆ. ಪಾರ್ಕಿಂಗ್‌ಗೆ ಶುಲ್ಕವಿಲ್ಲ. ರೈಲಿನಲ್ಲಿ ಬರುವವರಿಗೆ ಪಾರ್ಕ್ ಲೇನ್ ನಿಲ್ದಾಣ ಹತ್ತಿರ, ಆದರೆ ಅದು ಹೆದ್ದಾರಿಯ ಆಚೆ ಬದಿಗಿರುವುದರಿಂದ ವಯಸ್ಸಾದವರನ್ನು ನಡೆಸಿಕೊಂಡು ಬರುವುದು ತ್ರಾಸದಾಯಕ. ಕ್ರಿಸ್‌ಮಸ್ ಸಮಯದಲ್ಲಿ ಆಟಿಕೆ ರೈಲುಗಳ ಪ್ರದರ್ಶನವಿರುತ್ತದೆ, ಮಕ್ಕಳಿಗೆ ಖಂಡಿತ ಇಷ್ಟವಾಗುತ್ತದೆ. ಒಳಾಂಗಣವನ್ನು ನೋಡಬೇಕೆನ್ನುವವರು ಮಾತ್ರ ಆ ಜನಸಂದಣಿಯಲ್ಲಿ ಹೋಗದಿರುವುದು ಮೇಲು.

ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಕಳೆದ ಅರ್ಧ ಅಂಕ ಹೊಸ ಭಾಗದಲ್ಲಿ ಕೂರುವ ಕಟ್ಟೆ ಕಡಿಮೆಯಾದದ್ದಕ್ಕೆ. ಸಮಯ ಕಡಿಮೆಯಿದ್ದವರು ನೀಮನ್ ಮಾರ್ಕಸ್ ಬದಿಯ ಬಾಗಿಲಿನಿಂದ ಒಳಗೆ ಬಂದರೆ 1965ರ ಭಾಗವೇ ಮೊದಲು ಸಿಗುತ್ತದೆ. ಅಲ್ಲಿಂದ ಗಿಡದ ಕಟ್ಟೆಗಳನ್ನು ದಾಟಿ ಹಳೆಯ ನಡಿಗೆದಾರಿಯನ್ನೇ ಹಿಡಿದು, ಕೊನೆಯಲ್ಲಿ ನಡುವಿನ ತೋಟಕ್ಕೆ ಹೊರಬರಬಹುದು.